ಪೆರಿಮೆನೋಪಾಸ್ ಮತ್ತು ಗಿಡಮೂಲಿಕೆ: ‘ಹಾರ್ಮೋನ್ ಸಮತೋಲನ’ ಅಂದರೆ ಏನು?

ಮುಟ್ಟು ಪೂರ್ತಿ ನಿಲ್ಲುವ ಮೊದಲಿನ ಏರುಪೇರಿನ ವರ್ಷಗಳೇ ಪೆರಿಮೆನೋಪಾಸ್. ಇದರ ಬಗ್ಗೆ ಓದುವ ಮೊದಲು ನಾನು ಅಂದುಕೊಂಡಿದ್ದು ಇಷ್ಟು: ನಲವತ್ತು ದಾಟಿದ ಮೇಲೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ, ಮೂಲಿಕೆ ಕೊಟ್ಟು ಅದನ್ನು ಮೇಲೆತ್ತಿದರೆ ಆಯಿತು. ನಿಜದಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಮೊದಲು ಕಡಿಮೆಯಾಗುವುದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್. ಅಂಡ ಬಿಡುಗಡೆಯಾದ ಮೇಲೇ ಅದು ಚೆನ್ನಾಗಿ ತಯಾರಾಗುವುದು. ಈ ವಯಸ್ಸಿನಲ್ಲಿ ಕೆಲವು ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಈಸ್ಟ್ರೋಜೆನ್ ಮಾತ್ರ ಒಮ್ಮೆ ಮೊದಲಿಗಿಂತ ಜಾಸ್ತಿ, ಇನ್ನೊಮ್ಮೆ ತೀರಾ ಕಡಿಮೆ. ಅದಕ್ಕೇ 45 ದಾಟಿದವರಲ್ಲಿ ಒಂದು ರಕ್ತ ಪರೀಕ್ಷೆ ನೋಡಿ ತೀರ್ಮಾನಿಸುವುದಿಲ್ಲ. ಮುಟ್ಟಿನ ಏರುಪೇರು ಮತ್ತು ತೊಂದರೆಗಳನ್ನು ಕೇಳಿಯೇ ಗುರುತಿಸುತ್ತಾರೆ. 12 ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ಮೆನೋಪಾಸ್ ಆಯಿತು ಎಂದು ಲೆಕ್ಕ.

ಹೀಗೆ ಏರಿ ಇಳಿಯುವುದನ್ನು ಒಂದು ಮೂಲಿಕೆ ‘ಸಮತೋಲನ’ಕ್ಕೆ ತರುತ್ತದೆ ಅಂದರೆ ಏನರ್ಥ? ನನಗೆ ಆ ಮಾತೇ ದಾರಿ ತಪ್ಪಿಸುತ್ತದೆ ಅನಿಸುತ್ತದೆ. ಬೇರೆ ಎರಡು ಪ್ರಶ್ನೆ ಕೇಳೋಣ. ಯಾವ ತೊಂದರೆಗೆ? ಹುಸಿ ಮಾತ್ರೆಗಿಂತ (ಔಷಧಿಯಂತೆ ಕಾಣುವ, ಒಳಗೆ ಔಷಧಿಯೇ ಇಲ್ಲದ ಮಾತ್ರೆ) ಎಷ್ಟು ಜಾಸ್ತಿ ಕೆಲಸ ಮಾಡಿತು?

ಎರಡನೆಯದು ಯಾಕೆ ಮುಖ್ಯ ಅಂದರೆ, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ತೊಂದರೆ ಹುಸಿ ಮಾತ್ರೆಯಲ್ಲೂ ಸಾಕಷ್ಟು ಕಡಿಮೆಯಾಗುತ್ತದೆ. ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿ. 2006ರಲ್ಲಿ ಪ್ರಕಟವಾದದ್ದು. 45ರಿಂದ 55 ವಯಸ್ಸಿನ 351 ಹೆಂಗಸರು, ಒಂದು ವರ್ಷ, ಐದು ಗುಂಪು. ಒಂದಕ್ಕೆ ಬ್ಲ್ಯಾಕ್ ಕೊಹೋಶ್ ಎಂಬ ಮೂಲಿಕೆ, ಒಂದಕ್ಕೆ ಹಲವು ಮೂಲಿಕೆಗಳ ಮಿಶ್ರಣ, ಒಂದಕ್ಕೆ ಮಿಶ್ರಣದ ಜೊತೆ ಸೋಯಾ ಜಾಸ್ತಿ ತಿನ್ನುವ ಸಲಹೆ, ಒಂದಕ್ಕೆ ಹಾರ್ಮೋನ್, ಒಂದಕ್ಕೆ ಹುಸಿ ಮಾತ್ರೆ. ಹಾರ್ಮೋನ್ ಪಡೆದವರಲ್ಲಿ ಈ ತೊಂದರೆ ಹುಸಿ ಮಾತ್ರೆಯವರಿಗಿಂತ ದಿನಕ್ಕೆ ಸುಮಾರು ನಾಲ್ಕು ಸಲ ಕಡಿಮೆ. ಮೂಲಿಕೆಯ ಗುಂಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬರೀ ಬ್ಲ್ಯಾಕ್ ಕೊಹೋಶ್ ಗುಂಪನ್ನಷ್ಟೇ ನೋಡಿದ್ದರೆ ‘ಕೆಲಸ ಮಾಡಿತು’ ಅಂತ ಬರೆದುಬಿಡುತ್ತಿದ್ದೆವು, ಅಲ್ವಾ?

ಸೋಯಾ ವಿಷಯ ಸ್ವಲ್ಪ ಸ್ವಾರಸ್ಯವಾಗಿದೆ. ಅದರಲ್ಲಿರುವ ಐಸೋಫ್ಲೇವೋನ್‌ಗಳು ಈಸ್ಟ್ರೋಜೆನ್ ಕೂರುವ ಜಾಗಕ್ಕೇ ಹೋಗಿ ಕೂರುತ್ತವೆ, ಆದರೆ ಬಲ ತುಂಬಾ ಕಡಿಮೆ. ಅದರಲ್ಲೊಂದಾದ ಡೈಡ್ಜೀನ್ ಅನ್ನು ಕೆಲವರ ಕರುಳಿನ ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಹೆಚ್ಚು ಬಲದ ವಸ್ತುವಾಗಿ ಬದಲಿಸುತ್ತವೆ. ಎಲ್ಲರ ಕರುಳಲ್ಲೂ ಅವು ಇರುವುದಿಲ್ಲ. ಪ್ರಯೋಗಗಳ ಫಲಿತಾಂಶ ಒಂದೊಂದು ಒಂದೊಂದು ಥರ ಬರಲು ಇದೂ ಒಂದು ಕಾರಣ ಇರಬಹುದು.

ಅಶ್ವಗಂಧ, ಶತಾವರಿಯ ಮೇಲೆ ಚಿಕ್ಕ ಪ್ರಯೋಗಗಳು ಆಗಿವೆ, ಕೆಲವಾರಗಳಷ್ಟೇ ನಡೆದವು. ಭರವಸೆ ಇದೆ ಅನ್ನಬಹುದು, ಅಷ್ಟೆ. ಅಗಸೆ ಬೀಜ ಆಹಾರವಾಗಿ ಒಳ್ಳೆಯದು, ಆದರೆ ಬೆವರಿನ ತೊಂದರೆಗೆ ಹುಸಿ ಮಾತ್ರೆಯನ್ನು ಗೆಲ್ಲಲಿಲ್ಲ. 2023ರಲ್ಲಿ ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ ಹಾರ್ಮೋನ್ ಇಲ್ಲದ ಚಿಕಿತ್ಸೆಗಳನ್ನು ತೂಗಿ ನೋಡಿತು. ಬೆವರಿನ ತೊಂದರೆಗೆ ಸೋಯಾ ಮತ್ತು ಮೂಲಿಕೆಗಳನ್ನು ಅದು ಶಿಫಾರಸು ಮಾಡಲಿಲ್ಲ. ಅರಿವಿನ ವರ್ತನಾ ಚಿಕಿತ್ಸೆ ಅನ್ನುವ ಮಾತಿನ ಚಿಕಿತ್ಸೆ, ತೂಕ ಇಳಿಸುವುದು, ಕೆಲವು ಔಷಧಿಗಳು ಅದರ ಪಟ್ಟಿಯಲ್ಲಿವೆ.

ಇಲ್ಲಿ ನಿಧಾನವಾಗಿ ಓದಿ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡುತ್ತದೆ. ಆಗ ಗರ್ಭನಿರೋಧಕ ಮಾತ್ರೆ ದೇಹದಿಂದ ಬೇಗ ಖಾಲಿಯಾಗುತ್ತದೆ. ಪೆರಿಮೆನೋಪಾಸ್‌ನಲ್ಲೂ ಗರ್ಭ ನಿಲ್ಲಬಹುದು, ಹಾಗಾಗಿ ಇದು ಸಣ್ಣ ವಿಷಯವಲ್ಲ. ಡಾಂಗ್ ಕ್ವಾಯ್ ಎಂಬ ಚೀನೀ ಮೂಲಿಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಿಯ ಜೊತೆ ಸೇರಿದರೆ ರಕ್ತಸ್ರಾವದ ಭಯ ಜಾಸ್ತಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಅದರಿಂದಲೂ ಬ್ಲ್ಯಾಕ್ ಕೊಹೋಶ್‌ನಿಂದಲೂ ಲಿವರ್‌ಗೆ ಪೆಟ್ಟಾದ ವರದಿಗಳಿವೆ, ಅಪರೂಪವಾದರೂ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ಯಾವ ಮೂಲಿಕೆಯನ್ನೂ ತಮ್ಮ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ನನಗೆ ಜಾಸ್ತಿ ಕಳವಳ ತಂದದ್ದು ಮುಟ್ಟಿನ ಅತಿಯಾದ ರಕ್ತಸ್ರಾವದ ವಿಷಯ. ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೂ ‘ವಯಸ್ಸಿನದ್ದು’ ಅಂತ ಸುಮ್ನೆ ಕಷಾಯ ಕುಡಿಯುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಗರ್ಭಕೋಶದ ಗಡ್ಡೆ ಇರಬಹುದು, ಒಳಪದರ ದಪ್ಪಗಾಗಿರಬಹುದು, ಕಬ್ಬಿಣಾಂಶ ಖಾಲಿಯಾಗಿ ಸುಸ್ತು ಹತ್ತಿರಬಹುದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಆಗಲೇಬೇಕು.