ಕರಿಬೇವಿನ ಮರಕ್ಕೆ ಕೆಂಬೂತ ಬಂದ ಬೆಳಿಗ್ಗೆ

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಹಿತ್ತಿಲಿನಲ್ಲಿ ವಿಪರೀತ ಗಲಾಟೆ. ಮೊದಲು ಕೂಗಿದ್ದು ದಾಸವಾಳದ ಗಿಡದಲ್ಲಿ ಗೂಡು ಕಟ್ಟಿದ್ದ ಪಿಕಳಾರದ ಜೋಡಿ. ಆಮೇಲೆ ಎಲ್ಲಿಂದಲೋ ಎರಡು ಸೂರಕ್ಕಿ ಬಂದವು, ಒಂದು ಸಿಂಪಿಗ ಬಂತು, ಪಕ್ಕದ ಮನೆಯ ನುಗ್ಗೆ ಮರದಲ್ಲಿದ್ದ ಮಡಿವಾಳ ಹಕ್ಕಿ ಬಂತು, ಕೊನೆಗೆ ಕಾಂಪೌಂಡಿನ ಮೇಲಿದ್ದ ಅಳಿಲು ಕೂಡ ಬಾಲ ಕುಣಿಸುತ್ತಾ ಚಿಕ್ ಚಿಕ್ ಎನ್ನತೊಡಗಿತು. ಎಲ್ಲರ ಮುಖ ಒಂದೇ ಕಡೆಗೆ. ಕರಿಬೇವಿನ ಮರದ ಎಲೆಗಳ ಮರೆಯಲ್ಲಿ ಕೆಂಬೂತ ಕೂತಿತ್ತು.

"ಪಾಪ, ಹೆದರಿಕೊಂಡಿವೆ" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತ್ತು. ಹೆದರುವಂಥದ್ದೇ ಅಲ್ವಾ? ಕೊಕ್ಕಿನಿಂದ ಬಾಲದ ತುದಿಯವರೆಗೆ ಕೆಂಬೂತ ಸುಮಾರು 48 ಸೆಂಟಿಮೀಟರ್ ಉದ್ದ. ಬಸವನಹುಳು, ಕಂಬಳಿಹುಳು, ಓತಿಕ್ಯಾತದ ಜೊತೆಗೆ ಬೇರೆ ಹಕ್ಕಿಗಳ ಮೊಟ್ಟೆ, ಮರಿ ಎಲ್ಲವನ್ನೂ ತಿನ್ನುತ್ತದೆ. ಸೂರಕ್ಕಿ 10 ಸೆಂಟಿಮೀಟರ್ ಕೂಡ ಇಲ್ಲ, ತೂಕ 10 ಗ್ರಾಮಿನ ಒಳಗೆ. ಆದರೆ ಹೆದರಿದ ಹಕ್ಕಿ ದೂರ ಹಾರಬೇಕಿತ್ತು. ಇವು ಹತ್ತಿರ ಬರುತ್ತಿದ್ದವು. ಪಿಕಳಾರಗಳಲ್ಲಿ ಒಂದು ಹಿಂದಿನಿಂದ ಬಂದು ಕೆಂಬೂತದ ಬೆನ್ನಿಗೆ ತಾಗಿಯೂ ತಾಗದಂತೆ ಎರಡು ಸಲ ಹಾರಿಹೋಯಿತು. ಹತ್ತು ನಿಮಿಷದೊಳಗೆ ಕೆಂಬೂತ ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತಾ ಬೇಲಿ ದಾಟಿತು.

ಅದಕ್ಕೆ ಒಂದು ಗಾಯವೂ ಆಗಿರಲಿಲ್ಲ. ಮತ್ತೆ ಯಾಕೆ ಹೋಯಿತು?

ಯಾಕೆಂದರೆ ಕಳ್ಳನ ಬಂಡವಾಳವೇ ಕಣ್ಣಿಗೆ ಬೀಳದೆ ಇರುವುದು. ಗೂಡು ಹುಡುಕುವ ಕೆಂಬೂತವಿರಲಿ, ಎಲೆಗಳ ನಡುವೆ ಕಾದು ಕೂರುವ ಬಿಜ್ಜು ಎಂಬ ಬೇಟೆಹಕ್ಕಿ ಇರಲಿ, ಮಾವಿನ ಪೊಟರೆಯ ಪುಟ್ಟ ಗೂಬೆ ಹಾಲಕ್ಕಿಯಿರಲಿ, ಅವುಗಳ ಬೇಟೆ ನಿಂತಿರುವುದೇ ಗುಟ್ಟಿನ ಮೇಲೆ. ಪುಟ್ಟ ಹಕ್ಕಿಗಳು ಮಾಡುವುದು ಆ ಗುಟ್ಟನ್ನು ಬೀದಿಗೆ ತರುವ ಕೆಲಸ. ಹತ್ತು ಕೊರಳು ಒಟ್ಟಿಗೆ "ಇಲ್ಲಿದೆ, ಇಲ್ಲಿದೆ" ಎಂದು ಸಾರುತ್ತಿರುವಾಗ ಆ ತೋಟದಲ್ಲಿ ಕೂತು ಪ್ರಯೋಜನವಿಲ್ಲ. ಇದಕ್ಕೆ ಪಕ್ಷಿತಜ್ಞರು ಮಾಬಿಂಗ್ ಅನ್ನುತ್ತಾರೆ. ಗುಂಪು ಕಟ್ಟಿಕೊಂಡು ಗದರಿಸುವುದು ಅಂದರೆ ಸರಿಯಾಗುತ್ತದೆ.

ನಮ್ಮಲ್ಲಿ ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಇರುವುದು ಕಾಜಾಣ. ದನದ ಬೆನ್ನ ಮೇಲೆ, ಕರೆಂಟಿನ ತಂತಿಯ ಮೇಲೆ ಕೂರುವ, ಬಾಲ ಕವಲೊಡೆದ ಆ ಕರಿ ಹಕ್ಕಿ. ತೂಕ ಸುಮಾರು 50 ಗ್ರಾಂ. ತನ್ನ ಗೂಡಿನ ಹತ್ತಿರ ಬಂದರೆ ಕಾಗೆ, ಹದ್ದು, ಬಿಜ್ಜು ಯಾರನ್ನೂ ಬಿಡುವುದಿಲ್ಲ. ಹಿಂದಿಯಲ್ಲಿ ಅದಕ್ಕೆ ಕೊತ್ವಾಲ್ ಅಂದರೆ ಪೊಲೀಸ್ ಅಧಿಕಾರಿ ಎನ್ನುವ ಹೆಸರೇ ಇದೆ. ಕಾಜಾಣದ ಗೂಡಿರುವ ಮರದಲ್ಲೇ ಪಿಕಳಾರ, ಪಾರಿವಾಳದ ಜಾತಿಯ ಬೆಳವ ಮುಂತಾದ ಸಾಧು ಹಕ್ಕಿಗಳು ಗೂಡು ಕಟ್ಟುವುದನ್ನು ಹಕ್ಕಿ ನೋಡುವವರು ಹಿಂದಿನಿಂದಲೂ ಗಮನಿಸಿದ್ದಾರೆ. ಹದ್ದಿನ ಮೇಲೆ ಎರಗುವ ಕಾಜಾಣವನ್ನು ಒಮ್ಮೆ ಸರಿಯಾಗಿ ನೋಡಿ. ಯಾವಾಗಲೂ ಮೇಲಿನಿಂದ, ಹಿಂದಿನಿಂದ. ಹದ್ದಿನ ಉಗುರು ಇರುವುದು ಕೆಳಗೆ, ಕೊಕ್ಕು ಮುಂದೆ. ಅಗಲ ರೆಕ್ಕೆಯ ಭಾರದ ಹಕ್ಕಿ ತಿರುಗಬೇಕಾದರೆ ದೊಡ್ಡ ಸುತ್ತು ಬೇಕು, ಹಗುರ ಹಕ್ಕಿ ಅಷ್ಟರಲ್ಲಿ ಎರಡು ಸಲ ತಿರುಗಿರುತ್ತದೆ. ಗಾತ್ರ ದೊಡ್ಡದಾಗಿರುವುದೇ ಇಲ್ಲಿ ತೊಂದರೆ. ಅಪಾಯ ಇಲ್ಲವೇ ಇಲ್ಲ ಅಂತಲ್ಲ, ಹೀಗೆ ಗದರಿಸಲು ಹೋಗಿ ಸಿಕ್ಕಿಬಿದ್ದ ಹಕ್ಕಿಗಳೂ ಇವೆ.

ಕೂಗಿನ ವಿಷಯಕ್ಕೆ ಬರೋಣ, ನನಗೆ ಅತಿ ಹೆಚ್ಚು ಇಷ್ಟವಾದ ಭಾಗ ಇದು. ಕೂತಿರುವ ಶತ್ರುವನ್ನು ಕಂಡಾಗಿನ ಕೂಗು ಬೇರೆ, ಹಾರಿ ಬರುತ್ತಿರುವ ಡೇಗೆ ಎಂಬ ಬೇಟೆಹಕ್ಕಿಯನ್ನು ಕಂಡಾಗಿನ ಕೂಗು ಬೇರೆ. 1955ರಲ್ಲಿ ಪೀಟರ್ ಮಾರ್ಲರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಪುಟ್ಟ ಹಕ್ಕಿಗಳ ದನಿಯನ್ನು ಬಿಡಿಸಿ ನೋಡಿ ಇದರ ಕಾರಣ ಹೇಳಿದರು. ಗದರಿಸುವ ಕೂಗು ಟಕ್ ಎಂದು ಶುರುವಾಗುತ್ತದೆ, ಒರಟಾಗಿರುತ್ತದೆ, ಅದರಲ್ಲಿ ತಗ್ಗು ದನಿ, ಎತ್ತರದ ದನಿ ಎಲ್ಲ ಬೆರೆತಿರುತ್ತವೆ. ಇಂಥ ದನಿ ಎಡಗಿವಿ ಬಲಗಿವಿಗಳಿಗೆ ತಲುಪುವಾಗಿನ ವ್ಯತ್ಯಾಸ ಸ್ಪಷ್ಟವಾಗಿರುವುದರಿಂದ ಎಲ್ಲಿಂದ ಬಂತು ಅಂತ ಕೂಡಲೇ ತಿಳಿಯುತ್ತದೆ. ತಿಳಿಯಲಿ ಅಂತಲೇ ಕೂಗುವುದು, ನೆರೆಹೊರೆಯವರು ಓಡಿ ಬರಬೇಕಲ್ಲ. ಡೇಗೆ ಹಾರಿ ಬರುವಾಗ ಮಾತ್ರ ಅವು ಸೀಈ ಎಂದು ತೆಳ್ಳಗೆ ಒಂದೇ ಎಳೆಯಲ್ಲಿ ಕೂಗುತ್ತವೆ, ಮೆಲ್ಲಗೆ ಶುರುವಾಗಿ ಮೆಲ್ಲಗೆ ಮುಗಿಯುವ, 7–8 ಕಿಲೋಹರ್ಟ್ಸ್‌ನಷ್ಟು ಎತ್ತರದ ದನಿ ಅದು, ಎಲ್ಲಿಂದ ಬಂತೆಂದು ಹಿಡಿಯುವುದು ಕಷ್ಟ. ಆ ಎತ್ತರದ ದನಿ ಡೇಗೆಯ ಕಿವಿಗೆ ಪುಟ್ಟ ಹಕ್ಕಿಯ ಕಿವಿಗೆ ಕೇಳಿಸಿದಷ್ಟು ಚೆನ್ನಾಗಿ ಕೇಳಿಸುವುದೂ ಇಲ್ಲ. ಅಂದರೆ ಒಂದು ಕೂಗು "ಬನ್ನಿ" ಅನ್ನುತ್ತದೆ, ಇನ್ನೊಂದು "ಅಲ್ಲೇ ಅಡಗಿ" ಅನ್ನುತ್ತದೆ.

ಇಷ್ಟೇ ಅಲ್ಲ. ಅಮೆರಿಕದ ಚಿಕಡೀ ಎಂಬ ಗುಬ್ಬಚ್ಚಿಗಿಂತ ಸಣ್ಣ ಹಕ್ಕಿ ತನ್ನ ಹೆಸರನ್ನೇ ಕೂಗುತ್ತದೆ, ಚಿಕ-ಡೀ-ಡೀ ಎಂದು. 2005ರಲ್ಲಿ ಕ್ರಿಸ್ ಟೆಂಪಲ್ಟನ್ ಮತ್ತು ಜೊತೆಗಾರರು ಕಂಡುಕೊಂಡಂತೆ, ಶತ್ರು ಎಷ್ಟು ಅಪಾಯಕಾರಿಯೋ ಅಷ್ಟು ಜಾಸ್ತಿ 'ಡೀ'. ದೊಡ್ಡ ಗೂಬೆಗೆ ಕಡಿಮೆ, ಪುಟ್ಟ ಗೂಬೆಗೆ ಜಾಸ್ತಿ! ಲೆಕ್ಕ ಸರಿಯಾಗಿಯೇ ಇದೆ. ದೊಡ್ಡ ಗೂಬೆ ಅಷ್ಟು ಚುರುಕಾದ ಚಿಕಡೀಯನ್ನು ಹಿಡಿಯುವುದು ಕಷ್ಟ, ಪುಟ್ಟ ಗೂಬೆ ಕೊಂಬೆಗಳ ನಡುವೆ ನುಸುಳಿ ಹಿಡಿಯಬಲ್ಲದು.

ಜಪಾನಿನ ತೊಶಿತಾಕ ಸುಜುಕಿ 2011ರಲ್ಲಿ ಪ್ರಕಟಿಸಿದ್ದು ಗೂಡಿನೊಳಗಿನ ಮರಿಗಳ ಬಗ್ಗೆ. ಅಲ್ಲಿನ ಟಿಟ್ ಹಕ್ಕಿ ಪೊಟರೆಯಲ್ಲಿ ಗೂಡು ಮಾಡುತ್ತದೆ. ಕಾಗೆ ಬಂದರೆ ತಾಯಿ ತಂದೆ ಒಂದು ಥರ ಕೂಗುತ್ತವೆ, ಮರಿಗಳು ಗೂಡಿನ ತಳಕ್ಕೆ ಅಂಟಿಕೊಂಡು ಕೂರುತ್ತವೆ, ಬಾಗಿಲಲ್ಲಿ ತೂರಿದ ಕೊಕ್ಕಿಗೆ ಸಿಗುವುದಿಲ್ಲ. ಹಾವು ಬಂದರೆ ಕೂಗು ಬೇರೆ. ಆಗ ಮರಿಗಳು ಕೂರುವುದಿಲ್ಲ, ಹೊರಗೆ ಧುಮುಕುತ್ತವೆ! ಹಾವು ಒಳಗೇ ಬರುವುದರಿಂದ ತಳದಲ್ಲಿ ಕೂತರೆ ಸತ್ತಂತೆಯೇ. ಹೊರ ಜಗತ್ತನ್ನು ಇನ್ನೂ ಸರಿಯಾಗಿ ಕಾಣದ ಮರಿಗೆ ಇಷ್ಟು ಅರ್ಥವಾಗುತ್ತದೆ ಎಂದು ಮೊದಲ ಸಲ ಓದಿದ ದಿನ ನಾನು ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ.

ಪಿಕಳಾರದ ಗೂಡಿಗೆ ಅಪಾಯ ಬಂದರೆ ಸೂರಕ್ಕಿಗೆ ಏನಂತೆ? ಸುಮ್ನೆ ತನ್ನ ಪಾಡಿಗೆ ಇರಬಹುದಿತ್ತು. ಒಂದು ಕಾರಣ ಸರಳ, ಇಂದು ಆ ಗೂಡು ದೋಚಿದ ಕೆಂಬೂತ ನಾಳೆ ಈ ಗೂಡಿಗೆ ಬರುತ್ತದೆ. ಇನ್ನೊಂದು ಕಾರಣ ನಮ್ಮ ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರುವ ಮುಯ್ಯಾಳು ಪದ್ಧತಿಯ ಹಾಗಿದೆ, ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಲಾಟ್ವಿಯಾದಲ್ಲಿ ಇಂದ್ರಿಕಿಸ್ ಕ್ರಾಮ್ಸ್ ಮತ್ತು ಜೊತೆಗಾರರು ನೊಣಹಿಡುಕ ಹಕ್ಕಿಗಳ ಮೇಲೆ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಒಂದು ಜೋಡಿಯ ಗೂಡಿನ ಹತ್ತಿರ ಗೂಬೆ ಇಟ್ಟರು. ಪಕ್ಕದ ಒಂದು ಜೋಡಿ ನೆರವಿಗೆ ಬಂತು, ಇನ್ನೊಂದು ಜೋಡಿಯನ್ನು ಸಂಶೋಧಕರೇ ಹಿಡಿದಿಟ್ಟುಕೊಂಡಿದ್ದರಿಂದ ಬರಲಾಗಲಿಲ್ಲ. ಆಮೇಲೆ ಆ ಎರಡೂ ಜೋಡಿಗಳ ಗೂಡಿನ ಹತ್ತಿರ ಗೂಬೆ ಇಟ್ಟಾಗ, ಮೊದಲ ಜೋಡಿ ತನಗೆ ನೆರವಾದವರ ಕಡೆಗೇ ಹೋಯಿತು. ಬಾರದಿದ್ದವರ ಕಡೆಗೆ ತಿರುಗಲಿಲ್ಲ. ಅವು ಬರಲಾಗದೆ ಇದ್ದದ್ದು ಅದಕ್ಕೆ ಹೇಗೆ ತಿಳಿಯಬೇಕು, ಪಾಪ.

ಮತ್ತೆ ಈ ಗಲಾಟೆ ಒಂದು ಪಾಠಶಾಲೆಯೂ ಹೌದು. ಜರ್ಮನಿಯ ಎಬರ್‌ಹಾರ್ಡ್ ಕ್ಯೂರಿಯೊ ಮತ್ತು ಜೊತೆಗಾರರ 1978ರ ಪ್ರಯೋಗದಲ್ಲಿ ಎರಡು ಬ್ಲ್ಯಾಕ್‌ಬರ್ಡ್‌ಗಳನ್ನು ಎದುರುಬದುರು ಇಟ್ಟಿದ್ದರು. ಒಂದಕ್ಕೆ ಮಾತ್ರ ಕಾಣುವಂತೆ ಗೂಬೆ, ಇನ್ನೊಂದಕ್ಕೆ ಮಾತ್ರ ಕಾಣುವಂತೆ ಯಾರಿಗೂ ತೊಂದರೆ ಕೊಡದ ಬೇರೆ ದೇಶದ ಹಕ್ಕಿಯೊಂದು. ಮೊದಲನೆಯದು ಗೂಬೆಯನ್ನು ಗದರಿಸಿತು. ಎರಡನೆಯದು, ಓ ಇದೇ ಶತ್ರು ಇರಬೇಕು ಎಂದುಕೊಂಡು ತನ್ನ ಮುಂದಿದ್ದ ಸಾಧು ಹಕ್ಕಿಯನ್ನು ಗದರಿಸಲು ಕಲಿಯಿತು. ಅದರಿಂದ ಮೂರನೆಯದು ಕಲಿಯಿತು. ಹೀಗೆ ಆರು ಹಕ್ಕಿಗಳವರೆಗೆ ಪಾಠ ಸಾಗಿತು. ಸಾಧು ಹಕ್ಕಿಯ ಬದಲು ಪ್ಲಾಸ್ಟಿಕ್ ಬಾಟಲಿಯನ್ನು ಇಟ್ಟಾಗಲೂ ಕಲಿತವು.

ಕಾಗೆಗಳು ಮನುಷ್ಯರನ್ನೇ ಹೀಗೆ ಕಲಿಯುತ್ತವೆ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ತಂಡದವರು 2006ರಲ್ಲಿ ಆದಿಮಾನವನ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಮುತ್ತಿಕೊಂಡು ಕಿರುಚುತ್ತಿದ್ದವು, ಬಲೆಗೆ ಬಿದ್ದೇ ಇರದಿದ್ದ ಕಾಗೆಗಳೂ ಸೇರಿದ್ದವು. ಮಳೆಗಾಲ ಶುರುವಾಗುವ ಮೊದಲು ನಮ್ಮ ಊರುಗಳಲ್ಲಿ ಕಾಗೆ ಯಾರದ್ದಾದರೂ ತಲೆಗೆ ಕುಕ್ಕುತ್ತದೆ, ಕಾಗೆ ತಲೆ ಮುಟ್ಟಿತು ಎಂದು ಮನೆಯವರು ಗಾಬರಿಯಾಗುತ್ತಾರೆ, ಶನಿಯ ವಾಹನ ನೋಡಿ. ದೇವರಿಗೆ ದೀಪ ಹಚ್ಚುವುದು ಅವರವರ ನಂಬಿಕೆ. ಆದರೆ ಹತ್ತಿರದ ಮರದ ಬುಡದಲ್ಲಿ, ಪೊದೆಯಲ್ಲಿ ಒಮ್ಮೆ ನೋಡಿ, ಇನ್ನೂ ಸರಿಯಾಗಿ ಹಾರಲು ಬಾರದ ಕಾಗೆ ಮರಿಯೊಂದು ಇರಬಹುದು. ನಾಲ್ಕೈದು ದಿನ ಆ ದಾರಿ ಬಿಟ್ಟು ನಡೆದರೆ ಸಾಕು.

ದಾಸವಾಳದ ಗೂಡಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ದಿನಾ ಮೊಬೈಲ್ ಹಿಡಿದು ಫೋಟೋ ತೆಗೆಯಲು ಹೋಗುತ್ತಿದ್ದೆ. ಮೊಟ್ಟೆಯಿದ್ದಾಗ ಹಕ್ಕಿ ಸದ್ದಿಲ್ಲದೆ ಜಾರಿಕೊಳ್ಳುತ್ತಿತ್ತು, ಒಮ್ಮೆ ರೆಕ್ಕೆ ಮುರಿದಂತೆ ನೆಲದಲ್ಲಿ ಒದ್ದಾಡಿ ನನ್ನನ್ನು ದೂರ ಸೆಳೆಯಲು ನೋಡಿತು. ಮರಿಯಾದ ಮೇಲೆ ಮುಖದ ಹತ್ತಿರ ಬಂದು ಕೂಗತೊಡಗಿತು. ಇದಕ್ಕೆ ಎರಡು ವಿವರಣೆಗಳಿವೆ. ಮರಿ ಹಾರುವ ದಿನ ಹತ್ತಿರವಾದಷ್ಟೂ ಅದರ ಬೆಲೆ ಹೆಚ್ಚು, ಅದಕ್ಕಾಗಿ ತಾಯಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ ಎನ್ನುವುದು ಒಂದು. 1986ರಲ್ಲಿ ನೈಟ್ ಮತ್ತು ಟೆಂಪಲ್ ಎಂಬ ಇಬ್ಬರು ಇನ್ನೊಂದನ್ನು ಹೇಳಿದರು: ಪದೇ ಪದೇ ಬಂದು ಏನೂ ಮಾಡದೆ ಹೋಗುವ ಮನುಷ್ಯನನ್ನು ಕಂಡು, ತಾನು ಕೂಗಿದ್ದರಿಂದಲೇ ಹೋದ ಎಂದು ಹಕ್ಕಿಗೆ ಧೈರ್ಯ ಬರುತ್ತದೆ. ಅಮೆರಿಕದ ಫ್ಲಾರಿಡಾದ ಅಣಕುಹಕ್ಕಿಗಳ (ಮಾಕಿಂಗ್‌ಬರ್ಡ್) ಮೇಲಿನ 2009ರ ಪ್ರಯೋಗದಲ್ಲಂತೂ, ಗೂಡಿನ ಹತ್ತಿರ ಎರಡು ದಿನ ಅರ್ಧರ್ಧ ನಿಮಿಷ ನಿಂತವರನ್ನು ಅವು ಮೂರನೆಯ ದಿನ ಗುರುತು ಹಿಡಿದು ಎರಗಿದ್ದವು. ಹೊಸಬರು ಬಂದರೆ ಅಷ್ಟು ಸಿಟ್ಟಿಲ್ಲ. ನಮ್ಮ ಪಿಕಳಾರವೂ ಅಮ್ಮ ನೀರು ಹಾಕಲು ಹೋದರೆ ಸುಮ್ಮನಿರುತ್ತಿತ್ತು.

ಆ ಗೂಡು ಉಳಿಯಲಿಲ್ಲ. ಒಂದು ರಾತ್ರಿ ಯಾವ ಸದ್ದೂ ಇಲ್ಲದೆ ಖಾಲಿಯಾಯಿತು. ಬೆಳಿಗ್ಗೆ ನೋಡಿದರೆ ಗೂಡಿನ ಅಂಚು ಕೂಡ ಹರಿದಿರಲಿಲ್ಲ, ಹಾವಿರಬೇಕು. ಹತ್ತು ಹಕ್ಕಿ ಸೇರಿ ಗದರಿಸುವುದು ಹಗಲಿನ ಕೆಲಸ, ಕತ್ತಲಲ್ಲಿ ಪಿಕಳಾರಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕರೆದರೆ ಬರುವವರೂ ಇಲ್ಲ. ಎರಡು ದಿನ ಆ ಜೋಡಿ ಬಾಯಲ್ಲಿ ಹುಳು ಕಚ್ಚಿಕೊಂಡು ಗಿಡದ ಸುತ್ತ ಬರುತ್ತಿತ್ತು.

ಮೇ ತಿಂಗಳಲ್ಲಿ ನಿಂಬೆ ಗಿಡದಲ್ಲಿ ಮತ್ತೆ ಕಟ್ಟಿವೆ, ಮುಳ್ಳಿನ ನಡುವೆ. ಇದರ ಫೋಟೋ ನನ್ನ ಹತ್ತಿರ ಇಲ್ಲ. ಎಷ್ಟು ಮೊಟ್ಟೆ ಅಂತಲೂ ನೋಡಿಲ್ಲ. ನಲ್ಲಿಗೆ ಹೋಗಲು ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಸುತ್ತಿ ಹೋಗುತ್ತೇನೆ. ಬೆಳಿಗ್ಗೆ ಬೇಲಿಯ ಆಚೆಯಿಂದ ಕೆಂಬೂತದ ಗೂಂ ಗೂಂ ದನಿ ಕೇಳಿಸಿದರೆ ತಂತಿಯ ಮೇಲಿನ ಪಿಕಳಾರ ಜುಟ್ಟು ನೆಟ್ಟಗೆ ಮಾಡಿ ಆ ಕಡೆ ತಿರುಗುತ್ತದೆ. ನುಗ್ಗೆ ಮರದಿಂದ ಮಡಿವಾಳ ಆಗಲೇ ಒಂದು ಸಲ ಕೂಗಿರುತ್ತದೆ.