ಬಂಡೆಯೊಳಗಿನ ಎಣ್ಣೆಗೆ ಕೆಮಿಕಲ್: ಮೊದಲು ನೀರು ನೋಡಿ

ಹಳೆಯ ತೈಲಬಾವಿಯಲ್ಲಿ ಎಣ್ಣೆಗಿಂತ ನೀರೇ ಜಾಸ್ತಿ ಬರತೊಡಗಿದಾಗ ಎಲ್ಲರೂ ಕೇಳುವುದು ಒಂದೇ: ಯಾವ ಕೆಮಿಕಲ್ ಹಾಕೋಣ? ನಾನು ತಿರುಗಿ ಕೇಳುತ್ತೇನೆ, ಒಳಗೆ ಬಿಡುವ ನೀರಿನ ವರದಿ ಎಲ್ಲಿದೆ?

ಮೊದಮೊದಲು ಒಳಗಿನ ಒತ್ತಡಕ್ಕೇ ಎಣ್ಣೆ ಮೇಲೆ ಬರುತ್ತದೆ. ಆಮೇಲೆ ಪಕ್ಕದ ಬಾವಿಯಿಂದ ನೀರು ನುಗ್ಗಿಸಿ ತಳ್ಳುತ್ತೇವೆ. ಇಷ್ಟಾದರೂ ಎಷ್ಟೋ ಕಡೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬಂಡೆಯಲ್ಲೇ ಉಳಿಯುತ್ತದೆ. ಎಣ್ಣೆ ಮಂದ, ನೀರು ತೆಳು ಅಲ್ವಾ? ಹಾಗಾಗಿ ನೀರು ಎಣ್ಣೆಯನ್ನು ತಳ್ಳಿಕೊಂಡು ಹೋಗದೆ ಸುಲಭದ ದಾರಿ ಹಿಡಿದು ಸೀದಾ ಆಚೆ ಬಾವಿಗೆ ನುಸುಳಿಬಿಡುತ್ತದೆ. ನೀರು ಹಾದುಹೋದ ಜಾಗದಲ್ಲೂ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆಹನಿ ಸಿಕ್ಕಿಕೊಂಡಿರುತ್ತದೆ.

ನುಸುಳುವುದಕ್ಕೆ ಮದ್ದು ಪಾಲಿಮರ್, ಅಂದರೆ ಉದ್ದನೆಯ ಸರಪಳಿಯಂಥ ಅಣುಗಳ ರಾಸಾಯನಿಕ. ಲೀಟರ್ ನೀರಿಗೆ ಒಂದೆರಡು ಗ್ರಾಂ ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್ ಪುಡಿ ಸಾಕು, ನೀರು ಮಂದವಾಗುತ್ತದೆ. ಚೀನಾದ ದಾಚಿಂಗ್ ತೈಲಕ್ಷೇತ್ರದಲ್ಲಿ 1996ರಿಂದ ಇದನ್ನು ದೊಡ್ಡ ಮಟ್ಟದಲ್ಲಿ ನಡೆಸಿ, ಬರೀ ನೀರಿನಿಂದ ಸಿಗುವುದರ ಮೇಲೆ ಒಳಗಿದ್ದ ಒಟ್ಟು ಎಣ್ಣೆಯ ಸುಮಾರು 10% ಹೆಚ್ಚುವರಿ ತೆಗೆದಿದ್ದಾರೆ. ಆದರೆ ಅಲ್ಲಿ ನೀರಿನ ಉಪ್ಪು ಕಡಿಮೆ, ಬಂಡೆಯ ಬಿಸಿ ಸುಮಾರು 45 ಡಿಗ್ರಿ. ನಿಮ್ಮ ಬಂಡೆ 75 ಡಿಗ್ರಿ ದಾಟಿದ್ದು, ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ, ಅದೇ ಪಾಲಿಮರ್ ಕೆಲವೇ ತಿಂಗಳಲ್ಲಿ ಗಸಿಯಾಗಿ ಕೂತುಬಿಡಬಹುದು.

ಕಲಸುವುದರಲ್ಲೂ ಅವಸರ ಬೇಡ. ಪುಡಿಯನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಹೊರಗೆ ಲೋಳೆ, ಒಳಗೆ ಒಣಪುಡಿ. ಈ ಗಂಟುಗಳು ಬಾವಿಯ ತಳದಲ್ಲಿ ಬಂಡೆಯ ಬಾಯಿಗೇ ಕಟ್ಟಿಕೊಳ್ಳುತ್ತವೆ. ಸರಿಯಾಗಿ ಕರಗಿದ ಮೇಲೂ ಹರಿವು ತಡೆದು ಹದಮಾಡುವ ಕಿರಿದಾದ ಚೋಕ್ ವಾಲ್ವ್‌ನಲ್ಲಿ ಜೋರಾಗಿ ನುಗ್ಗಿದರೆ ಪಾಲಿಮರ್‌ನ ಉದ್ದನೆಯ ಸರಪಳಿ ತುಂಡಾಗುತ್ತದೆ. ನೀರಿನಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಸಿಕ್ಕರೂ ಅದೇ ಗತಿ. ಇನ್ನೂ ತೊಂದರೆಯ ವಿಷಯವೆಂದರೆ, ಬಾವಿಯ ಬಾಯಲ್ಲಿ ಸ್ಯಾಂಪಲ್ ಹಿಡಿಯುವಾಗ ನಲ್ಲಿಯನ್ನು ಪಟ್ಟನೆ ತಿರುಗಿಸಿ, ತೆರೆದ ಬಾಟಲಿಗೆ ಚಿಮ್ಮಿಸಿಕೊಂಡರೆ ಆ ಸ್ಯಾಂಪಲ್ಲೇ ಹಾಳಾಗಿ ತೆಳುವಾಗುತ್ತದೆ, ಆಮೇಲೆ ಲ್ಯಾಬಿನವರು ಸುಮ್ನೆ ಪಾಲಿಮರ್ ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಒತ್ತಡ ನಿಧಾನಕ್ಕೆ ಇಳಿಸಿ, ಗಾಳಿ ತಾಗದ ಸಿಲಿಂಡರ್‌ನಲ್ಲಿ ಹಿಡಿಯಿರಿ.

ಸಿಕ್ಕಿಕೊಂಡ ಹನಿಗೆ ಬೇಕಾದ್ದು ಸರ್ಫ್ಯಾಕ್ಟಂಟ್, ಅಂದರೆ ಸಾಬೂನಿನ ಜಾತಿಯ ರಾಸಾಯನಿಕ. ಎಣ್ಣೆ ಮತ್ತು ನೀರಿನ ನಡುವಿನ ಎಳೆತವನ್ನು ಇದು ಸಾವಿರಾರು ಪಟ್ಟು ಇಳಿಸಿದರೆ ಮಾತ್ರ ಹನಿ ಕದಲುತ್ತದೆ, ಹತ್ತಿಪ್ಪತ್ತು ಪಟ್ಟು ಇಳಿದರೆ ಏನೂ ಪ್ರಯೋಜನವಿಲ್ಲ. ದುಬಾರಿ ಮಾಲು, ಅದರ ಮೇಲೆ ಒಂದಷ್ಟು ಬಂಡೆಗೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಅಂಟುವುದನ್ನು ತಗ್ಗಿಸಲು ಜೊತೆಗೆ ಕ್ಷಾರ ಬಿಡುತ್ತಾರೆ. ಎಣ್ಣೆಯಲ್ಲಿ ಆಮ್ಲದ ಅಂಶವಿದ್ದರೆ ಕ್ಷಾರದಿಂದ ಬಂಡೆಯೊಳಗೇ ಒಂದಿಷ್ಟು ಸಾಬೂನು ತಯಾರಾಗುತ್ತದೆ, ಇದು ನನಗೆ ತುಂಬಾ ಇಷ್ಟವಾದ ಭಾಗ. ಆದರೆ ಗಡಸು ನೀರಿಗೆ ಕ್ಷಾರ ಹಾಕಿದರೆ ಸುಣ್ಣ ಕಟ್ಟುತ್ತದೆ. ದಾಚಿಂಗ್‌ನಲ್ಲೂ ಕಾಸ್ಟಿಕ್ ಸೋಡಾ ಬಳಸಿದ ಕಡೆ ಪಂಪುಗಳಲ್ಲಿ ಗಟ್ಟಿ ಪದರ ಕಟ್ಟಿ ಕಾಟ ಕೊಟ್ಟಿತು, ಮುಂದೆ ಸೋಡಿಯಂ ಕಾರ್ಬೊನೇಟ್ ಎಂಬ ಸೌಮ್ಯ ಕ್ಷಾರದ ಕಡೆಗೆ ಹೊರಳಿದರು.

ಹಾಗಾಗಿ ಪಾಲಿಮರ್, ಸರ್ಫ್ಯಾಕ್ಟಂಟ್, ಕ್ಷಾರ ಮೂರನ್ನೂ ಒಟ್ಟಿಗೆ ಬಿಡುವ ಯೋಜನೆಯನ್ನು ಮೊದಲ ದಿನವೇ ಒಪ್ಪಬೇಡಿ. ನೀರಿನ ಗಡಸುತನ, ಕಬ್ಬಿಣ, ಆಮ್ಲಜನಕ ಅಳೆಯಿರಿ. ಬೇಕಿದ್ದರೆ ನೀರನ್ನು ಮೆದು ಮಾಡಿ. ನಂತರ ಒಂದೇ ಬಾವಿಗೆ ಕೆಲವು ವಾರ ಬರೀ ಪಾಲಿಮರ್ ಬಿಟ್ಟು ಒತ್ತಡ ಎಷ್ಟು ಏರುತ್ತದೆ ನೋಡಿ. ಅದು ಬಂಡೆ ಬಿರಿಯುವ ಮಿತಿಗೆ ಹತ್ತಿರ ಬರುತ್ತಿದ್ದರೆ ಅಲ್ಲೇ ನಿಲ್ಲಿಸಿ, ಕಲಸುವ ಕಡೆ ಗಂಟು ಉಳಿದಿದೆಯಾ ಅಂತ ಫಿಲ್ಟರ್ ಪರೀಕ್ಷೆ ಮಾಡಿ.