ರೈತರ ಮಾತು ಬರೆದುಕೊಂಡ ಶ್ಲೈಖರ್

ಲಿಥುವೇನಿಯನ್ ಭಾಷೆಯಲ್ಲಿ ಮಗನಿಗೆ ‘ಸೂನುಸ್’ ಅನ್ನುತ್ತಾರೆ. ಬೆಂಕಿಗೆ ‘ಉಗ್ನಿಸ್’, ಕನಸಿಗೆ ‘ಸಪ್ನಸ್’, ದೇವರಿಗೆ ‘ದಿಯೆವಸ್’. ಸೂನು, ಅಗ್ನಿ, ಸ್ವಪ್ನ, ದೇವ ಎಂಬ ಪದಗಳು ನಮಗೂ ಗೊತ್ತು, ಅಲ್ವಾ? ಆದರೆ ಕನ್ನಡ ಇವನ್ನು ಸಂಸ್ಕೃತದಿಂದ ಎರವಲು ಪಡೆಯಿತು. ಲಿಥುವೇನಿಯನ್ ಹಾಗೆ ಪಡೆದದ್ದಲ್ಲ. ಅದೂ ಸಂಸ್ಕೃತವೂ ಒಂದೇ ಹಳೆಯ ತಾಯಿನುಡಿಯಿಂದ ಇವನ್ನು ಉಳಿಸಿಕೊಂಡು ಬಂದಿವೆ. ಎರವಲಿಗೂ ರಕ್ತಸಂಬಂಧಕ್ಕೂ ಇರುವ ವ್ಯತ್ಯಾಸ ಇದೇ.

ಜರ್ಮನಿಯ ಮೈನಿಂಗೆನ್ ಊರಿನಲ್ಲಿ 1821ರಲ್ಲಿ ಹುಟ್ಟಿದ ಔಗಸ್ಟ್ ಶ್ಲೈಖರ್ ಇಂಥ ಸಂಬಂಧಗಳನ್ನು ಹುಡುಕುತ್ತಲೇ ಬದುಕಿದವರು. ಆಗ ಭಾಷಾಶಾಸ್ತ್ರ ಎಂದರೆ ಹೆಚ್ಚಾಗಿ ಹಳೆಯ ಗ್ರಂಥಗಳನ್ನು ಹರಡಿಕೊಂಡು ಕೂರುವ ಕೆಲಸ. ಪ್ರಾಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಶ್ಲೈಖರ್ 1852ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಪೂರ್ವದಂಚಿನ ಲಿಥುವೇನಿಯನ್ ಹಳ್ಳಿಗಳಿಗೆ ಹೊರಟರು. ರೈತರು ಆಡುವ ಮಾತನ್ನು ಕೇಳಿ ಕಲಿತರು. ಅವರ ಹಾಡು, ಕಥೆ, ಗಾದೆ, ಒಗಟುಗಳನ್ನು ಬರೆದುಕೊಂಡರು. ಈ ಭಾಷೆಯ ನಾಮಪದಕ್ಕೆ ಸಂಬೋಧನೆಯೂ ಸೇರಿ ಏಳು ವಿಭಕ್ತಿಗಳಿವೆ. ಸಾವಿರಾರು ವರ್ಷ ಹಳೆಯ ಪ್ರತ್ಯಯಗಳು ಹೊಲದಲ್ಲಿ ದುಡಿಯುವವರ ನಾಲಿಗೆಯ ಮೇಲೆ ಸಲೀಸಾಗಿ ಓಡಾಡುತ್ತಿದ್ದವು. ಓದಿದವರು ಅಷ್ಟಾಗಿ ಲೆಕ್ಕಕ್ಕಿಡದ ಮಾತು ಅದು. ಅದರ ಮುಂದೆ ಒಬ್ಬ ಪ್ರಾಧ್ಯಾಪಕ ಶಿಷ್ಯನಂತೆ ಕೂತದ್ದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಹೀಗೆ ಹುಟ್ಟಿದ್ದೇ 1856ರ ಲಿಥುವೇನಿಯನ್ ವ್ಯಾಕರಣ, ಆ ಭಾಷೆಯ ಮೊದಲ ವೈಜ್ಞಾನಿಕ ವ್ಯಾಕರಣ. ಮರುವರ್ಷ ಪಠ್ಯಗಳ ಸಂಗ್ರಹವೂ ಪದಕೋಶವೂ ಬಂದವು. ನಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ ಪ್ರಕಟಿಸಿದ್ದೂ ಅದೇ 1856ರಲ್ಲಿ.

1857ರಲ್ಲಿ ಶ್ಲೈಖರ್ ಯೇನಾ ವಿಶ್ವವಿದ್ಯಾಲಯಕ್ಕೆ ಬಂದರು. ಗಿಡಮರಗಳೆಂದರೆ ಅವರಿಗೆ ಬಹಳ ಪ್ರೀತಿ. ಭಾಷೆಗಳ ಸಂಬಂಧವನ್ನೂ ಅವರು ಕೊಂಬೆ ಕವಲೊಡೆದ ಮರದಂತೆ ಬಿಡಿಸಿ ತೋರಿಸಿದರು. ಇಂದಿಗೂ ಭಾಷಾಕುಟುಂಬ ಎಂದರೆ ನಾವು ಬಿಡಿಸುವುದು ಅದೇ ಚಿತ್ರ. ಆದರೆ ಭಾಷೆಯನ್ನು ಹುಟ್ಟಿ, ಬೆಳೆದು, ಸೊರಗುವ ಜೀವಿ ಎಂದೇ ಅವರು ನಂಬಿದ್ದರು. ಅಲ್ಲಿ ಎಡವಿದರು ಅಂತ ನನ್ನ ಅನಿಸಿಕೆ. ಭಾಷೆ ತಾನಾಗಿ ಸೊರಗುವುದಿಲ್ಲ, ಆಡುವವರ ಜೊತೆ ಬದಲಾಗುತ್ತದೆ. ನೆರೆಯ ಭಾಷೆಗಳು ಒಂದರೊಳಗೊಂದು ಬೆರೆಯುವುದನ್ನೂ ಮರದ ಚಿತ್ರ ತೋರಿಸಲಾರದು. ಅವರ ಶಿಷ್ಯ ಯೊಹಾನೆಸ್ ಷ್ಮಿಟ್ 1872ರಲ್ಲಿ ಇದನ್ನೇ ಎತ್ತಿ, ಬದಲಾವಣೆ ನೀರಿನ ಅಲೆಯಂತೆ ಹರಡುತ್ತದೆ ಎಂದರು.

ಅಷ್ಟು ಹೊತ್ತಿಗೆ ಗುರು ಇರಲಿಲ್ಲ. 1868ರ ಡಿಸೆಂಬರ್‌ನಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು. ಅದೇ ವರ್ಷ ಅವರೊಂದು ಪುಟ್ಟ ಕಥೆ ಪ್ರಕಟಿಸಿದ್ದರು. ಯಾರೂ ಬರೆದಿಡದೆ ಹೋದ ಆ ಹಳೆಯ ತಾಯಿನುಡಿಯನ್ನು ಊಹಿಸಿ, ಅದರಲ್ಲೇ ಬರೆದ ಕಥೆ. ಉಣ್ಣೆಯಿಲ್ಲದ ಕುರಿಯೊಂದು ದುಡಿಯುವ ಕುದುರೆಗಳನ್ನು ಕಂಡು ಮರುಗುತ್ತದೆ. ಮನುಷ್ಯ ನಿನ್ನ ಉಣ್ಣೆಯನ್ನೇ ಬಟ್ಟೆ ಮಾಡಿಕೊಂಡನಲ್ಲ, ಅದಕ್ಕೆ ನಮಗೂ ಸಂಕಟ ಎನ್ನುತ್ತವೆ ಕುದುರೆಗಳು. ಕುರಿ ಬಯಲಿಗೆ ಓಡುತ್ತದೆ. ಮುಂದಿನ ವಿದ್ವಾಂಸರು ಈ ಕಥೆಯ ಪದಗಳನ್ನು ಮತ್ತೆ ಮತ್ತೆ ತಿದ್ದಿದ್ದಾರೆ. ಕುರಿಗೆ ಶ್ಲೈಖರ್ ಇಟ್ಟಿದ್ದ ಪದ ‘ಅವಿಸ್’. ಲಿಥುವೇನಿಯಾದಲ್ಲಿ ಕುರಿಗೆ ಇವತ್ತಿಗೂ ‘ಅವಿಸ್’ ಅಂತಲೇ ಅನ್ನುತ್ತಾರೆ.